ಗುರುತು ಹಾಕಿಯೇ ಬಿಚ್ಚುವ ಟೈಲರಮ್ಮ

ಬೆಳಗಿನ ಐದೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಪುಟ್ಟ ಕೋಣೆಯಲ್ಲಿ, ಕಬ್ಬಿಣದ ಕಪಾಟಿನ ಮುಂದೆ ಒಬ್ಬ ಹೆಂಗಸು ಮಂಡಿಯೂರಿ ಕುಳಿತಿದ್ದಾರೆ. ಕಪಾಟಿನ ತುಂಬ ನೀಲಿ, ಹಳದಿ, ಬೂದು ಬಣ್ಣದ ಕೇಬಲ್‌ಗಳು. ಅವೆಲ್ಲ ಬಂದು ಸೇರುವ ಹಳೆಯ ಯಂತ್ರ ಕೆಟ್ಟಿದೆ, ಇವತ್ತು ಹೊಸದು ಕೂರಿಸಬೇಕು. ಏಳಕ್ಕೆ ಹೊರರೋಗಿಗಳ ಕೌಂಟರ್ ತೆರೆಯುವುದರೊಳಗೆ ನಲವತ್ತೆಂಟು ಕೇಬಲ್ ಹಳೆಯದರಿಂದ ಹೊಸದಕ್ಕೆ ಬಂದಿರಬೇಕು. ಆದರೂ ಇವರಿಗೆ ಅವಸರವೇ ಇದ್ದಂತಿಲ್ಲ. ಪ್ರತಿ ಕೇಬಲಿನ ತುದಿಗೂ ಬಟ್ಟೆಯ ಪಟ್ಟಿ ಸುತ್ತಿ ಅಂಕಿ ಬರೆದಿದ್ದಾರೆ. ಅದನ್ನು ತಮ್ಮ ಪುಸ್ತಕದ ಜೊತೆ ಒಂದೊಂದಾಗಿ ತಾಳೆ ನೋಡಿ, ಆಮೇಲೆ ಮೊದಲನೆಯದಕ್ಕೆ ಕೈ ಹಾಕುತ್ತಾರೆ.

“ಗುರುತು ಹಾಕದೆ ಬಿಚ್ಚಿದ್ರೆ ಏನಾಗುತ್ತೆ ಅಂತ ನನ್ನಷ್ಟು ಚೆನ್ನಾಗಿ ಇಲ್ಲಿ ಇನ್ಯಾರಿಗೂ ಗೊತ್ತಿಲ್ಲ,” ಎಂದು ನಗುತ್ತಾರೆ.

ಇಡೀ ಆಸ್ಪತ್ರೆಗೆ ಇವರು ಟೈಲರಮ್ಮ. ವಯಸ್ಸು ನಲವತ್ತೊಂದು. ಆರು ಮಹಡಿಗಳ ಇನ್ನೂರ ಹನ್ನೆರಡು ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವಂತೆ ನೋಡಿಕೊಳ್ಳುವುದು ಇವರ ಕೆಲಸ. ದಿನಕ್ಕೆ ಹದಿನೈದು, ಇಪ್ಪತ್ತು ಕರೆ ಬರುತ್ತವೆ. “ಅರ್ಧಕ್ಕರ್ಧ ಸ್ವಿಚ್ ಹಾಕಿದ್ರೆ ಸರಿಹೋಗೋವು. ಅದನ್ನ ದೊಡ್ಡ ಡಾಕ್ಟರಿಗೆ ಬೇಜಾರಾಗದ ಹಾಗೆ ಹೇಳೋದಿದೆಯಲ್ಲ, ಅದೇ ಕಷ್ಟ.”

ಇಪ್ಪತ್ತು ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿದವರು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಗಿರಾಕಿಗಳು ಕಡಿಮೆಯಾದರು. ಮೂವತ್ತೆಂಟನೇ ವಯಸ್ಸಿನಲ್ಲಿ ಕಂಪ್ಯೂಟರ್ ಜಾಲದ ಕೆಲಸ ಕಲಿಸುವ ಸಂಜೆಯ ತರಗತಿ ಸೇರಿದರು, ಮಕ್ಕಳ ವಯಸ್ಸಿನವರ ನಡುವೆ ಕೂತು ಪಾಠ ಕಲಿತರು, ಪರೀಕ್ಷೆಯೂ ಪಾಸಾಯಿತು. ತಾನು ಈ ಕೆಲಸಕ್ಕೆ ತಕ್ಕವಳು ಎಂಬ ನಂಬಿಕೆ ಮಾತ್ರ ಬರಲಿಲ್ಲ. ಆಸ್ಪತ್ರೆಯಲ್ಲಿ ಆರು ತಿಂಗಳ ಪರೀಕ್ಷಾವಧಿಗೆ ತೆಗೆದುಕೊಂಡಾಗ, ತಪ್ಪಿ ತೆಗೆದುಕೊಂಡಿದ್ದಾರೆ ಅಂತಲೇ ಅಂದುಕೊಂಡರಂತೆ. “ಯಾರೇನು ಹೇಳಿದ್ರೂ ಕೋಲೆಬಸವನ ಹಾಗೆ ತಲೆಯಾಡಿಸ್ತಿದ್ದೆ. ಅರ್ಥವಾಗಲಿಲ್ಲ ಅಂದ್ರೆ ಮನೆಗೆ ಕಳಿಸಿಬಿಡ್ತಾರೇನೋ ಅಂತ.” ಟೈಲರಮ್ಮ ಎಂಬ ಹೆಸರೂ ಆಗ ಬರೀ ಚೇಷ್ಟೆಯದು.

ಎಡವಟ್ಟಾದದ್ದು ಮೂರನೇ ವಾರ. ಇದೇ ಕಪಾಟು ಆಗ ಬೆಕ್ಕು ಆಡಿಬಿಟ್ಟ ದಾರದುಂಡೆಯ ಹಾಗಿತ್ತು. ಹೊಲಿಗೆಯವರ ಕೈ ಸುಮ್ಮನಿರುತ್ತದೆಯೇ? ಒಂದು ಬೆಳಗ್ಗೆ ಬೇಗ ಬಂದು ಎಲ್ಲವನ್ನೂ ಕಿತ್ತು, ನೀಲಿ ಒಂದು ಕಡೆ, ಹಳದಿ ಒಂದು ಕಡೆ, ಬಣ್ಣದ ಪ್ರಕಾರ ಮತ್ತೆ ಸಿಕ್ಕಿಸಿಟ್ಟರು. ನೋಡಲು ಲಕ್ಷಣವಾಗಿತ್ತು. ಆದರೆ ಒಂದೊಂದು ಕೇಬಲಿಗೂ ಯಂತ್ರದಲ್ಲಿ ಅದರದೇ ತೂತು ನಿಗದಿಯಾಗಿತ್ತು. ಪ್ರಯೋಗಾಲಯದ ವರದಿಗಳು ವಾರ್ಡುಗಳಿಗೆ ಹೋಗುವುದು ನಿಂತೇಹೋಯಿತು. ಯಾವುದು ಎಲ್ಲಿತ್ತು ಎಂದು ಯಾರೂ ಬರೆದಿಟ್ಟಿರಲಿಲ್ಲ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಒಂದೊಂದೇ ಹುಡುಕಿ ಸೇರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಟೈಲರಮ್ಮ ರಕ್ತಪರೀಕ್ಷೆಯ ಚೀಟಿಗಳನ್ನು ಹಿಡಿದು ಆರು ಮಹಡಿ ಹತ್ತಿ ಇಳಿದರು. ಮುಖ್ಯಸ್ಥರು ಬೈಯಲಿಲ್ಲ. “ಬಿಚ್ಚಿದ್ದು ತಪ್ಪಲ್ಲಮ್ಮ. ಗುರುತು ಮಾಡ್ಕೊಳ್ಳದೆ ಬಿಚ್ಚಿದ್ರಲ್ಲ, ಅದು ತಪ್ಪು,” ಎಂದರಷ್ಟೇ. ಬೈದಿದ್ದರೇ ಚೆನ್ನಾಗಿತ್ತು ಎನ್ನುತ್ತಾರೆ ಇವರು.

ಆ ಸಂಜೆ ಮನೆಗೆ ಹೋದವರೇ ನಾಳೆಯಿಂದ ಹೋಗುವುದಿಲ್ಲ ಎಂದು ಕೂತರು. ಅತ್ತೆ ಬಟಾಣಿ ಸುಲಿಯುತ್ತಿದ್ದರು. ತಲೆಯೆತ್ತದೆ ಕೇಳಿದರಂತೆ: “ಬಿಡೋದಾದ್ರೆ ಬಿಡು. ಆದ್ರೆ ಇಪ್ಪತ್ತು ವರ್ಷದಲ್ಲಿ ಸೀಮೆಸುಣ್ಣದ ಗೆರೆ ಎಳೀದೆ ಒಂದು ಹೊಲಿಗೆ ಬಿಚ್ಚಿದವಳಲ್ಲ ನೀನು. ಅಲ್ಲಿ ಯಾಕೆ ಹಾಗೆ ಮಾಡಿದೆ?”

ಆ ಪ್ರಶ್ನೆಗೆ ಟೈಲರಮ್ಮ ಉತ್ತರ ಕೊಡುವುದು ಈಗ. “ಕಂಪ್ಯೂಟರು ಅಂದ ಕೂಡಲೇ ನಂಗೇನೂ ಬರಲ್ಲ ಅಂದ್ಕೊಂಡುಬಿಟ್ಟೆ. ನಂಗೆ ಬರ್ತಿದ್ದದ್ದನ್ನೂ ಮನೇಲೇ ಬಿಟ್ಟು ಹೋಗಿದ್ದೆ, ನೋಡಿ.”

ಮರುದಿನ ಹೋದರು, ಚೀಲದಲ್ಲಿ ತುಂಡುಬಟ್ಟೆ ತುಂಬಿಕೊಂಡು. ಹನ್ನೊಂದು ದಿನ ಮಹಡಿ ಮಹಡಿ ತಿರುಗಿ ಪ್ರತಿ ಕೇಬಲಿನ ಎರಡೂ ತುದಿಗೆ ಪಟ್ಟಿ ಹೊಲಿದರು, ಹೊಲಿಗೆಯ ಕಾಲದ ಅಳತೆ ಪುಸ್ತಕದಲ್ಲಿ ಅದರ ಅಂಕಿ ಬರೆದರು. ಅರ್ಥವಾಗದ್ದನ್ನು ಕೇಳತೊಡಗಿದರು, ಯಾರೂ ಮನೆಗೆ ಕಳಿಸಲಿಲ್ಲ. ಪರೀಕ್ಷಾವಧಿ ಮುಗಿದು ಕೆಲಸ ಕಾಯಂ ಆಯಿತು. ಈಗ ಮುಖ್ಯಸ್ಥರೂ ಆ ಪುಸ್ತಕ ನೋಡದೆ ಕಪಾಟು ಮುಟ್ಟುವುದಿಲ್ಲ.

ಆರೂ ಮುಕ್ಕಾಲಿಗೆ ಕೊನೆಯ ಕೇಬಲ್ ಕಚ್ಚಿಕೊಳ್ಳುತ್ತದೆ, ಹಸಿರು ದೀಪಗಳು ಮಿನುಗುತ್ತವೆ. ಟೈಲರಮ್ಮ ಮಂಡಿ ಒರೆಸಿಕೊಂಡು ಏಳುತ್ತಾರೆ. ಮುಂದೇನು ಆಸೆ ಎಂದರೆ ಸ್ವಲ್ಪ ಸಂಕೋಚ. ಹಿಂಬದಿಯಲ್ಲಿ ಆಸ್ಪತ್ರೆಯ ಹೊಸ ಕಟ್ಟಡ ಏಳುತ್ತಿದೆ, ಗೋಡೆಗಳು ಇನ್ನೂ ಬರಿದು.

“ಇಷ್ಟು ದಿನ ಬೇರೆಯವರು ಹೊಲಿದದ್ದನ್ನ ರಿಪೇರಿ ಮಾಡಿದ್ದಾಯ್ತು. ಒಂದ್ಸಲ ಹೊಸ ಬಟ್ಟೆ ನಾನೇ ಕತ್ತರಿಸಬೇಕು. ಆ ಕಟ್ಟಡದ ಕೇಬಲ್ ಕೆಲಸ ಪೂರ್ತಿ ನನಗೇ ಕೊಡಿ ಅಂತ ಮೊನ್ನೆ ಮುಖ್ಯಸ್ಥರನ್ನ ಕೇಳಿದೆ. ನಕ್ಷೆ ಬರೆದು ತನ್ನಿ ಅಂದಿದ್ದಾರೆ.”

ಕೇಳುವಾಗ ಭಯವಾಗಲಿಲ್ಲವೇ?

“ಆಯ್ತು. ಭಯದಲ್ಲೇ ಕೇಳಿದೆ.”