ಮಸೂತಿಯ ಬೀರಣ್ಣನ ಫೋಟೋ

ಬಸವನ ಬಾಗೇವಾಡಿಯ ವಾಯುವೇಗ ಸೈಕಲ್ ಸಂಘದಲ್ಲಿ ಇದ್ದವರು ಇಬ್ಬರೇ. ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದ ಪರಪ್ಪ ಅಧ್ಯಕ್ಷ. ಕಾರ್ಯದರ್ಶಿಯೂ ಅವನೇ, ಖಜಾಂಚಿಯೂ ಅವನೇ. ಅಂಥ ಜವಾಬ್ದಾರಿ ಹೊರಬಲ್ಲ ಇನ್ನೊಬ್ಬ ಯೋಗ್ಯ ಮನುಷ್ಯ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹತ್ತಿರದ ಮಸೂತಿ ಎಂಬ ಊರಿನ ಬೀರಣ್ಣ ಸದಸ್ಯ. ಸಭೆ ಸೇರಿದಾಗ ಅಧ್ಯಕ್ಷರು ಮಾತಾಡುತ್ತಿದ್ದರು, ಸದಸ್ಯರು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಠರಾವುಗಳೆಲ್ಲ ಸರ್ವಾನುಮತದಿಂದ ಪಾಸಾಗುತ್ತಿದ್ದವು.

ಎಪ್ಪತ್ತಾರನೆಯ ಇಸವಿಯ ದೀಪಾವಳಿ ಮುಗಿದ ಮೇಲೆ ಬೀರಣ್ಣ ಮೈಯೆಲ್ಲ ಹಳದಿಯಾಗಿ, ಕಾಮಣಿಯಿಂದ ತೀರಿಕೊಂಡ. ಸಂಘದಲ್ಲಿ ಅಧ್ಯಕ್ಷರೊಬ್ಬರೇ ಉಳಿದರು.

ಬೀರಣ್ಣ ಕಂಬಳಿ ಮಾರುವವನು. ಮನೆಯಲ್ಲಿ ನೇಯ್ದ ಕಂಬಳಿಗಳನ್ನು ಕ್ಯಾರಿಯರಿನ ಮೇಲೆ ಹೇರಿಕೊಂಡು ಒಂದು ವಾರ ಸಿಂದಗಿ ಸಂತೆ, ಇನ್ನೊಂದು ವಾರ ಇಂಡಿ ಅಂತ ಸುತ್ತುತ್ತಿದ್ದ. ಹೋಗುವಾಗ ಕಂಬಳಿಯ ಗಂಟು, ಬರುವಾಗ ಜೋಳದ ಚೀಲ. ಹತ್ತಿರದ ಸಂತೆಯಾದರೆ ಅದರ ಮೇಲೆ ಹೆಂಡತಿ ಚಂದವ್ವ. ಇಷ್ಟು ಹೇರಿಕೊಂಡು ತುಳಿದವನ ಕೈಗೆ ಬರಿಯ ಸೈಕಲ್ ಕೊಟ್ಟರೆ ಕೇಳಬೇಕೆ? ಮುಳವಾಡದ ದಾರಿಯಲ್ಲಿ ಒಮ್ಮೆ, ಹೊಸ ಸೈಕಲ್ ಏರಿ ಹೊರಟಿದ್ದ ಪರಪ್ಪನನ್ನು ಅವನು ಗಂಟಿನ ಸಮೇತ ಹಿಂದೆ ಹಾಕಿದ. ಪರಪ್ಪ ಅವತ್ತೇ ಅವನನ್ನು ಸಂಘಕ್ಕೆ ಸೇರಿಸಿಕೊಂಡ. ಇಂಥವನನ್ನು ಹೊರಗೆ ಬಿಡುವುದು ಕ್ಷೇಮವಲ್ಲ ಎನ್ನಿಸಿರಬೇಕು.

ಆ ಸೀಮೆಯಲ್ಲಿ ಆಗ ಜೋಡಿ ಸೈಕಲ್ ಶರ್ಯತ್ತುಗಳು ನಡೆಯುತ್ತಿದ್ದವು. ಇಬ್ಬರದೊಂದು ಜೋಡಿ, ಯಾರ ಗಾಲಿ ಮೊದಲು ಗೆರೆ ದಾಟಿದರೂ ಜೋಡಿ ಗೆದ್ದಂತೆ. ಹೀಗಾಗಿ ಒಬ್ಬ ದಾರಿಯುದ್ದಕ್ಕೂ ಮುಂದಿದ್ದು ಗಾಳಿ ಒಡೆಯುತ್ತ ಹೋಗುವುದು, ಇನ್ನೊಬ್ಬ ಅವನ ಬೆನ್ನ ಮರೆಯಲ್ಲಿ ದಮ್ಮು ಉಳಿಸಿಕೊಂಡು ಬಂದು ಗೆರೆ ಕಂಡೊಡನೆ ನುಗ್ಗುವುದು. ಯಾರು ಯಾವ ಕೆಲಸ ಮಾಡಬೇಕೆಂಬುದನ್ನು ಸಂಘದ ಮೊದಲ ಸಭೆಯೇ ತೀರ್ಮಾನಿಸಿತ್ತು.

"ನೀ ಮುಂದ ಹೊಡಿ ಬೀರಾ, ನಾ ಕಡೀಕ ಬರ್ತೇನಿ," ಎಂದಿದ್ದ ಪರಪ್ಪ. "ಅಧ್ಯಕ್ಷ ಆದಾಂವ ಗೆರಿ ದಾಟೂದ ಚೊಲೊ ಕಾಣತೈತಿ."

"ದಾಟ್ರಿ ಅಣ್ಣಾರ. ನನಗ ಗಾಳಿ ರೂಢಿ ಐತಿ."

"ಗಾಳಿ ಅಂಬೂದು ಸೋತಾವ್ರು ಹೇಳೂ ನೆವಾ ಲೇ. ನನಗರ ಒಂದ ದಿನಾನೂ ಗಾಳಿ ಹತ್ತಿಲ್ಲ."

"ನಿಮಗ ಹ್ಯಾಂಗ ಹತ್ತತೈತ್ರಿ," ಎಂದು ಬೀರಣ್ಣ ನಗುತ್ತ ಎಣ್ಣೆಯ ಡಬ್ಬಿಗೆ ಮುಚ್ಚಳ ಹಾಕಿದ್ದ.

ಇಂಡಿಯಲ್ಲಿ ಗೆದ್ದರು, ಸಿಂದಗಿಯಲ್ಲಿ ಗೆದ್ದರು, ಮುದ್ದೇಬಿಹಾಳದಲ್ಲಿ ಗೆದ್ದರು. ಬಹುಮಾನವೆಂದರೆ ಒಂದು ಕಪ್ಪು, ಒಂದು ತಾಮ್ರದ ಕೊಡ. ಕಪ್ಪು ಸಂಘದ ಆಸ್ತಿಯಾದ್ದರಿಂದ ಅಧ್ಯಕ್ಷರ ಮನೆ ಸೇರುತ್ತಿತ್ತು. ಕೊಡ ಬೀರಣ್ಣನಿಗೆ. "ಕಪ್ಪಿನ್ಯಾಗ ನೀರ ತರಾಕ ಬರೂದಿಲ್ರಿ," ಎಂದು ಅವನು ಅದನ್ನೇ ಖುಷಿಯಿಂದ ಹ್ಯಾಂಡಲಿಗೆ ಕಟ್ಟಿಕೊಂಡು ಹೋಗುತ್ತಿದ್ದ.

ಮಣ್ಣು ಕೊಟ್ಟ ದಿನ ಪರಪ್ಪ ಮಸೂತಿಗೆ ಹೋಗಿ ಜನರ ಮುಂದೆ ನಾಲ್ಕು ಮಾತಾಡಿದ. ಹೆಚ್ಚಿನವು ಸಂಘದ ಸಾಧನೆಯ ಬಗ್ಗೆಯೇ ಇದ್ದವು. ಹೊರಡುವಾಗ ಚಂದವ್ವ ಬಾಗಿಲಿಗೆ ಬಂದಳು. ಬಗಲಲ್ಲಿ ಇನ್ನೂ ಹಲ್ಲು ಬಾರದ ಮಗಳಿದ್ದಳು.

"ಅಣ್ಣಾರ, ನಿಮ್ಮ ಮನ್ಯಾಗ ಶರ್ಯತ್ತಿನ ಫೋಟೋ ಭಾಳ ಅದಾವ ಅಂತಿದ್ರು. ನಮ್ಮ ಮನ್ಯಾಗ ಇವರದೊಂದು ಫೋಟೋ ಇಲ್ರಿ. ನಾಳೆ ಈ ಕೂಸು ನಮ್ಮಪ್ಪ ಹ್ಯಾಂಗಿದ್ದ ಅಂತ ಕೇಳಿದ್ರ ಏನ ತೋರಸ್ಲಿ? ಇವರ ದಿವಸದ ಕಾರ್ಯದೊಳಗ ಒಂದ ತಂದ ಕೊಡ್ರಿ."

"ಒಂದ್ಯಾಕ ತಂಗಿ? ಹತ್ತ ತರ್ತೇನಿ," ಎಂದ ಪರಪ್ಪ.

ಮನೆಗೆ ಬಂದು ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಇಳಿಸಿ ಜಮಖಾನೆಯ ಮೇಲೆ ಹರವಿದ. ಇಂಡಿಯ ಫೋಟೋದಲ್ಲಿ ಪರಪ್ಪ ಕಪ್ಪನ್ನು ಎತ್ತಿ ಹಿಡಿದಿದ್ದ. ಕಪ್ಪಿನ ಹಿಂದೆ ಎರಡು ಕಿವಿ ಕಾಣುತ್ತಿದ್ದವು, ಅವು ಬೀರಣ್ಣನವು. ಸಿಂದಗಿಯದರಲ್ಲಿ ಪರಪ್ಪನ ಕೊರಳಿನ ಹಾರ ಎಷ್ಟು ದಪ್ಪಗಿತ್ತೆಂದರೆ ಪಕ್ಕದವನ ಮುಖವನ್ನೂ ಅದು ನುಂಗಿತ್ತು. ಮುದ್ದೇಬಿಹಾಳದಲ್ಲಿ, ಅಧ್ಯಕ್ಷರ ಸೈಕಲ್ ಬೀಳಬಾರದೆಂದು ಬೀರಣ್ಣ ಬಗ್ಗಿ ಹಿಡಿದುಕೊಂಡಿದ್ದ. ಬರೀ ರುಮಾಲು ಬಂದಿತ್ತು. ಪರಪ್ಪ ಮತ್ತೊಮ್ಮೆ ಮೊದಲಿನಿಂದ ನೋಡಿದ. ಎಲ್ಲದರಲ್ಲೂ ಅವನೇ ಇದ್ದ, ಎಲ್ಲದರಲ್ಲೂ ಚೆನ್ನಾಗಿ ಬಂದಿದ್ದ.

ಫೋಟೋಗಳ ಕಟ್ಟು ಹಿಡಿದು ಗೈಬುಸಾಬನ ಸ್ಟುಡಿಯೋಕ್ಕೆ ಓಡಿದ. ಫೋಟೋ ತೆಗೆದವನೂ ಅವನೇ, ಕೈಯಿಂದ ಚಿತ್ರ ಬಿಡಿಸಿ ದೊಡ್ಡದು ಮಾಡಿಕೊಡುವವನೂ ಅವನೇ.

"ಕಪ್ಪ ಸರಸಿ ಹಿಂದಿನ ಮಾರಿ ತಗಿ."

"ಅದ ಹ್ಯಾಂಗ ಸರಿತೈತ್ರಿ ಅಧ್ಯಕ್ಷರ? ಅವತ್ತ ಸರಸ್ರಿ ಅಂದ್ರ ನೀವ ಬೈದ್ರಿ." ಗೈಬುಸಾಬ ಪೆನ್ಸಿಲ್ ಚೂಪು ಮಾಡಿದ. "ಹೇಳ್ರಿ, ಬರೀತೇನಿ. ಹಣಿ ಹ್ಯಾಂಗಿತ್ತು?"

"ಹಣಿ... ಹಣಿ ಇತ್ತು."

"ಮೂಗು?"

ಪರಪ್ಪ ಕಣ್ಣು ಮುಚ್ಚಿದ. ಕಣ್ಣ ಮುಂದೆ ಬೀರಣ್ಣ ಬಂದ, ಆದರೆ ಬೆನ್ನು ತಿರುಗಿಸಿಕೊಂಡೇ ಬಂದ. ಬೆವರಿಗೆ ಅಂಟಿದ ಅಂಗಿ, ಕುತ್ತಿಗೆಯ ಮೇಲಿನ ಕರಿ ಮಚ್ಚೆ, ಏರು ಬಂದಾಗ ಮೊದಲು ಎಡಕ್ಕೆ ವಾಲುವ ಭುಜ. ಇಷ್ಟನ್ನು ಅವನು ನಿದ್ದೆಗಣ್ಣಲ್ಲೂ ಹೇಳಬಲ್ಲವನಾಗಿದ್ದ. ಮೂಗು ಮಾತ್ರ ಹೊಳೆಯಲಿಲ್ಲ. ತಿಳಿಯದು ಎನ್ನುವುದು ಅಧ್ಯಕ್ಷರಿಗೆ ಒಗ್ಗದ ಮಾತು. ತಿಳಿದಂತೆ ಹೇಳುತ್ತ ಹೋದ. ಮೂಗು ನೆಟ್ಟಗಿರಲಿ, ಮೀಸೆ ಇನ್ನೂ ತುಸು ದಪ್ಪ, ಗದ್ದ ಅಗಲ. ಚಿತ್ರ ಮುಗಿದ ಮೇಲೆ ಗೈಬುಸಾಬ ಹಾಳೆಯನ್ನು ದೂರ ಹಿಡಿದು ನೋಡಿದ.

"ಅಧ್ಯಕ್ಷರ, ಇದರಾಗೂ ನೀವ ಬಂದೀರಿ."

ಪರಪ್ಪನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತ. "ಆ ಹೆಣ್ಮಗಳಿಗೆ ಹತ್ತ ತರ್ತೇನಿ ಅಂದ ಬಂದೇನೊ," ಎಂದ.

ಗೈಬುಸಾಬ ಒಳಗಿನ ಕಪಾಟಿನಿಂದ ಒಂದು ಫೋಟೋ ತಂದು ಮುಂದಿಟ್ಟ. ನಿಡಗುಂದಿ ಶರ್ಯತ್ತಿನದು. ಗೆರೆಯ ಹತ್ತಿರ ಜನದ ಗದ್ದಲವೆಂದು ಅವನು ಸ್ವಲ್ಪ ಹಿಂದೆ ನಿಂತಿದ್ದ. ಕ್ಯಾಮೆರಾ ಎತ್ತುವಷ್ಟರಲ್ಲಿ ಇಬ್ಬರೂ ಅವನನ್ನು ದಾಟಿ ಹೋಗಿದ್ದರು. ಹಿಂದಿನಿಂದಲೇ ಒತ್ತಿದ್ದ. "ನನ್ನ ಕುಂಡಿ ತಗದೀಯಲ್ಲೋ," ಎಂದು ಪರಪ್ಪ ಅದನ್ನು ಅವತ್ತು ಎಸೆದು ಹೋಗಿದ್ದ.

ಈಗ ಬೆಳಕಿಗೆ ಹಿಡಿದು ನೋಡಿದ. ಚಿತ್ರದ ತುಂಬ ಬೀರಣ್ಣನ ಬೆನ್ನು. ತನ್ನ ಕೆಲಸ ಮುಗಿಸಿ ರಸ್ತೆಯ ಬದಿಗೆ ಸರಿದು, ತುಳಿಯುವುದನ್ನು ನಿಲ್ಲಿಸಿ, ಸೀಟಿನ ಮೇಲೆ ನೆಟ್ಟಗೆ ಕೂತಿದ್ದ. ಬಲಗೈ ಮೇಲೆತ್ತಿ ಮುಂದಕ್ಕೆ ಚಾಚಿದ್ದ, ಹೋಗು ಹೋಗು ಎನ್ನುವ ಹಾಗೆ. ಬಲು ದೂರದಲ್ಲಿ, ಗೆರೆಯ ಹತ್ತಿರ, ಒಂದು ಚುಕ್ಕೆ. ಅದು ಪರಪ್ಪ.

ಪ್ರತಿ ಶರ್ಯತ್ತಿನಲ್ಲೂ ಅವನು ಹೀಗೆ ಕೈ ಎತ್ತುತ್ತಿದ್ದನೋ ಏನೋ. ಪರಪ್ಪ ಒಮ್ಮೆಯೂ ತಿರುಗಿ ನೋಡಿದವನಲ್ಲ. ಫೋಟೋ ತೊಳೆಯುವ ಔಷಧದ ಘಾಟು ಕಣ್ಣಿಗೆ ಹತ್ತಿತೆಂದು ಗೈಬುಸಾಬನಿಗೆ ಹೇಳಿ ಹೊರಗೆ ಹೋಗಿ ನಿಂತ. ಬಹಳ ಹೊತ್ತು ಒಳಗೆ ಬರಲಿಲ್ಲ.

ದಿವಸದ ಕಾರ್ಯದ ಬೆಳಿಗ್ಗೆ, ಕಟ್ಟು ಹಾಕಿಸಿದ ಫೋಟೋವನ್ನು ಮಸೂತಿಗೆ ಒಯ್ದ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿಕೊಂಡಿದ್ದ. ಬಾಗಿಲಲ್ಲಿ ನಿಂತಾಗ ಒಂದೂ ನೆನಪಿಗೆ ಬರಲಿಲ್ಲ.

"ತಂಗಿ, ಮಾರಿ ಇರೂದು ಸಿಗಲಿಲ್ಲ. ತಪ್ಪ ನಂದ ಐತಿ."

ಚಂದವ್ವ ಫೋಟೋ ಇಸಿದುಕೊಂಡು ಬೆಳಕಿನ ಕಡೆ ತಿರುಗಿಸಿದಳು. ಬೆನ್ನಿನ ಮೇಲಿದ್ದ ಚೌಕ ತೇಪೆಯ ಮೇಲೆ ಅವಳ ಬೆರಳು ಹೋಯಿತು.

"ಇದು ನಾ ಹಚ್ಚಿದ್ದ ತ್ಯಾಪಿ," ಎಂದಳು. "ಚೊಲೊ ಆತ್ ಬಿಡ್ರಿ. ಸಂತಿಗೆ ಹೋಗಿ ಬರೂ ತನಕಾ ಕ್ಯಾರಿಯರ್ ಮ್ಯಾಲ ಕುಂತು ನಾ ನೋಡಿದ್ದೂ ಇದನ್ನ. ಈ ನೊಣದಂಗ ಕಾಣಾಂವ ಯಾರ್ರಿ?"

"ನಾನ ಬೇ. ಬ್ಯಾಡಾದ್ರ ಹೇಳು, ಗೈಬುಸಾಬಗ ಹೇಳಿ ಕತ್ತರಸ್ತೇನಿ."

"ಬ್ಯಾಡ್ರಿ, ಇರ್ಲಿ. ಕೈ ಮಾಡಾಕತ್ತಾರಲ್ರಿ, ಯಾರಿಗೆ ಅಂತ ಕೂಸಿಗೆ ತಿಳೀಬೇಕಲ್ಲ."

ಗೋಡೆಗೆ ಫೋಟೋ ತೂಗುಹಾಕಿ ಹಾರ ಹಾಕಿದರು. ಚಂದವ್ವ ಬೆರಳಿಗೆ ಭಂಡಾರದ ಹಳದಿ ಪುಡಿ ತೆಗೆದುಕೊಂಡು ಮುಂದೆ ಬಂದಳು, ನಿಂತಳು. ಹಚ್ಚಲು ಹಣೆ ಇರಲಿಲ್ಲ. ಬೆರಳು ಗಾಜಿನ ಮುಂದೆ ಅತ್ತಿತ್ತ ಆಡಿ, ಕೊನೆಗೆ ಎತ್ತಿದ ಕೈಯ ಮೇಲೆ ಇಳಿಯಿತು. ಉಳಿದುದನ್ನು ಅವಳು ಬಟ್ಟಲಿನ ಸಮೇತ ಪರಪ್ಪನ ಮುಂದೆ ಚಾಚಿದಳು. ಅವನು ತಲೆ ತಗ್ಗಿಸಿ ಹಚ್ಚಿಕೊಂಡ.

ಸಂಜೆ ಬಾಗೇವಾಡಿಯ ಪೇಟೆಯಲ್ಲಿ ಗೈಬುಸಾಬ ಸ್ಟುಡಿಯೋದ ಕದ ಹಾಕುತ್ತಿದ್ದಾಗ, ಪರಪ್ಪ ಸೈಕಲ್ ನೂಕಿಕೊಂಡು, ಏದುಸಿರು ಬಿಡುತ್ತ ಬಂದ. ಹಣೆಯ ಭಂಡಾರ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು.

"ಯಾಕ್ರಿ ಅಧ್ಯಕ್ಷರ, ಇಷ್ಟ ಹೊತ್ತ ಮಾಡಿದ್ರಿ? ಪಂಕ್ಚರ್ ಆತೇನು?"

ಪರಪ್ಪ ಸೈಕಲ್ಲನ್ನು ಕಟ್ಟೆಗೆ ಆನಿಸಿದ. ಉಸಿರು ಹಿಡಿತಕ್ಕೆ ಬರಲು ಹೊತ್ತಾಯಿತು.

"ಇಲ್ಲೋ," ಎಂದ. "ಗಾಳಿ ಇತ್ತು."