ಮಾರ್ಕರ್ ಜವರಯ್ಯನ ಕೋಲು

ನನ್ನ ತಂಗಿ ವೀಣಳ ಗಂಡ ಲಕ್ಷ್ಮಣಾಚಾರಿಗೆ ಹೆದರಿಕೆ ಅನ್ನುವುದು ಹುಟ್ಟಿನಿಂದಲೇ ಬಂದದ್ದು. ಶ್ರೀರಂಗಪಟ್ಟಣದ ಪೇಟೆಬೀದಿಯ ಹಿಂದೆ ಅವನದೊಂದು ಮರಗೆಲಸದ ಅಂಗಡಿ. ಸಂಜೆ ಬೀಗ ಹಾಕಿ ಮನೆ ತನಕ ಬಂದು, ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ಬೀಗ ಎಳೆದು ನೋಡುತ್ತಿದ್ದ. ಯಾರ ಮನೆಗಾದರೂ ಬಾಗಿಲು ಕೂರಿಸಿದ್ದರೆ, ಮೊದಲ ಮಳೆ ಬಿದ್ದ ಮಾರನೇ ದಿನ ಕರೆಯದಿದ್ದರೂ ಹೋಗಿ, ಬಾಗಿಲು ಊದಿಕೊಂಡಿದೆಯೇ ಎಂದು ವಿಚಾರಿಸುತ್ತಿದ್ದ. ಇಂಥ ಪುಕ್ಕಲನಿಗೆ ಊರೂರು ಸುತ್ತಿ, ಗುರುತು ಪರಿಚಯ ಇಲ್ಲದವರ ಬಾಗಿಲು ತಟ್ಟಿ, ‘ನಿಮ್ಮನೇಲಿ ಹಳೇ ಬಿಲಿಯರ್ಡ್ಸ್ ಕೋಲು ಇದೆಯಾ’ ಎಂದು ಕೇಳುವ ಹುಚ್ಚು ಹೇಗೆ ಹತ್ತಿತೋ ದೇವರೇ ಬಲ್ಲ. ಆ ಹುಚ್ಚಿಗೆ ಗಾಡಿ ಓಡಿಸಿದವನು ನಾನು. ನನ್ನ ಸೈಕಲ್ ಶಾಪು ಮುಚ್ಚಿ, ನನ್ನ ಎಂ-ಏಯ್ಟಿಗೆ ನನ್ನದೇ ಪೆಟ್ರೋಲು ಹಾಕಿಕೊಂಡು ಅವನನ್ನು ಹೊತ್ತು ತಿರುಗಿದ್ದೇನೆ. ಚಿಕ್ಕಂದಿನ ಗೆಳೆಯ, ಮೇಲಾಗಿ ತಂಗಿಯ ಗಂಡ. ಬೈದುಕೊಂಡೇ ಹೋಗುತ್ತಿದ್ದೆ.

ತೊಂಬತ್ತರ ಸುಮಾರಿಗೆ ಪಾಂಡವಪುರದ ಕಡೆ ಅಧಿಕಾರಿಗಳ ಕ್ಲಬ್ಬೊಂದು ಮುಚ್ಚಿತು. ಅಲ್ಲಿದ್ದ ದೊಡ್ಡ ಬಿಲಿಯರ್ಡ್ಸ್ ಮೇಜನ್ನು ಬಿಚ್ಚಲು ಇವನನ್ನು ಕರೆಸಿದರು. ಕೋಲುಗಳೆಲ್ಲ ಅಷ್ಟರೊಳಗೆ ಜವಾನರು, ಗುಮಾಸ್ತರು, ಅಡಿಗೆಯವರ ಕೈ ಸೇರಿ ಊರೂರು ಪಾಲಾಗಿದ್ದವು. ಬಾಗಿಲ ಹಿಂದೆ ಒಂದು ಮಾತ್ರ ಉಳಿದಿತ್ತು. ಲಕ್ಷ್ಮಣ ಅದನ್ನು ಕೈಗೆತ್ತಿಕೊಂಡ. ಅಷ್ಟು ನೆಟ್ಟಗಿನ, ಅಷ್ಟು ಹದವಾಗಿ ತೂಗುವ ಕೋಲನ್ನು ಅವನು ಜನ್ಮದಲ್ಲಿ ಹಿಡಿದಿರಲಿಲ್ಲವಂತೆ. ಇದನ್ನು ಹಿಡಿದು ಆಡುತ್ತಿದ್ದವನು ಯಾರು ಎಂದು ಕೇಳಿದ. ಕಾವಲುಗಾರ ಹೇಳಿದ: “ಅದ ನೀವು ಅರಕೆರೆ ಜವರಯ್ಯನ್ನ ಕೇಳ್ಬೇಕು.”

ಜವರಯ್ಯ ಆ ಕ್ಲಬ್ಬಿನ ಮಾರ್ಕರ್ ಆಗಿದ್ದವರು. ಅಂದರೆ ಸಾಹೇಬರುಗಳಿಗೆ ಕೋಲು ಕೊಟ್ಟು, ಆಟದ ಲೆಕ್ಕ ಕೂಗಿ ಹೇಳುವ ಕೆಲಸ. ಅರಕೆರೆಯಲ್ಲಿ ನಾಲೆ ನೀರಿನ ಗದ್ದೆ ಇದ್ದರೂ ವಯಸ್ಸಾಗುವ ತನಕ ಆ ಕೆಲಸ ಬಿಟ್ಟಿರಲಿಲ್ಲ. ನಾವು ಹೋದಾಗ ಜಗಲಿಯ ಮೇಲೆ ಕೂತು ನಶ್ಯ ಏರಿಸುತ್ತಿದ್ದರು. ಕೋಲನ್ನು ಅಂಗೈ ಮೇಲೆ ಒಂದು ಸುತ್ತು ಉರುಳಿಸಿ, ಹಿಡಿಕೆಯನ್ನು ಬೆರಳಲ್ಲಿ ಸವರಿ, “ಇದು ಡಾಕ್ಟ್ರು ಇಡೀತಿದ್ದ ಕೋಲು. ಹೆಬ್ಬೆಟ್ಟ ಇಲ್ಲಿ ಒತ್ತಿ ಇಡೀತಿದ್ರು, ನೋಡಿ ಆಚಾರ್ರೇ, ಗುಳಿ ಬಿದ್ಬುಟ್ಟದೆ” ಅಂದರು. ಲಕ್ಷ್ಮಣ ಆ ಗುಳಿಯೊಳಗೆ ತನ್ನ ಹೆಬ್ಬೆಟ್ಟು ಇಟ್ಟು ನೋಡಿದ. ಅಲ್ಲಿಗೆ ಅವನ ಕಥೆ ಮುಗಿಯಿತು, ನನ್ನ ಗಾಡಿಯ ಕಥೆ ಶುರುವಾಯಿತು.

ಕೆ.ಆರ್. ಪೇಟೆಯ ಒಂದು ಮನೆಯಲ್ಲಿ ಕೋಲಿಗೆ ಬಳೆ ಸಿಕ್ಕಿಸಿ ಕಿಟಕಿಯ ಪರದೆ ಇಳಿಬಿಟ್ಟಿದ್ದರು. ನಾಗಮಂಗಲದಲ್ಲಿ ಇನ್ನೊಂದು ಬಟ್ಟೆ ಒಣಗಿಸುವ ಹಗ್ಗಕ್ಕೆ ಊರುಗೋಲಾಗಿ ನಿಂತಿತ್ತು. ಪಾಲಹಳ್ಳಿಯಲ್ಲಿ ಒಬ್ಬಾಕೆ ಮತ್ತೊಂದರಿಂದ ಹುಣಸೆಹಣ್ಣು ಉದುರಿಸುತ್ತಿದ್ದಳು. ಅವರಿಗೆಲ್ಲ ಬೇರೆ ಕೋಲು ಹೆರೆದು ಕೊಟ್ಟು, ಹಳೆಯದನ್ನು ಪಡೆದು, ಇವನು ನೇರ ಅರಕೆರೆಗೆ ಓಡುತ್ತಿದ್ದ. ಜವರಯ್ಯ ಸವರಿ ನೋಡಿ ಇದು ಇಂಜಿನಿಯರದು, ಇದು ಎಡಗೈ ಗುಮಾಸ್ತನದು ಎನ್ನುತ್ತಿದ್ದರು. ಒಡೆಯ ಯಾರೆಂದು ತಿಳಿದ ಮೇಲೆ ಲಕ್ಷ್ಮಣ ಆ ಕೋಲನ್ನು ಮರ ನಯ ಮಾಡುವ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಹಚ್ಚಿ, ಅಂಗಡಿಯ ಗೋಡೆಗೆ ಏರಿಸುತ್ತಿದ್ದ. ಹೆಸರು ಸಿಕ್ಕಿತಲ್ಲ, ಇನ್ನು ಕೊಳೆ ಯಾಕೆ ಎನ್ನುವುದು ಅವನ ವಾದ. ಮರಗೆಲಸದವನ ಕಣ್ಣಿಗೆ ಕೊಳೆ ಕೊಳೆಯೇ. ನನಗೂ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಜವರಯ್ಯನವರ ಬಳಿ ಅವರದೇ ಒಂದು ಕೋಲಿತ್ತು. ಬೀಟೆ ಹಿಡಿಕೆ ಗಿಡಿಕೆ ಏನೂ ಇಲ್ಲದ, ಪೂರಾ ಬಿಳಿಚು ಮರದ, ಮಾರ್ಕರನಿಗೆಂದು ಕೊಟ್ಟ ಸಾದಾ ಕೋಲು. ನಾಲೆ ಏರಿ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅದರ ತುದಿ ಕತ್ತರಿಸಿ ಊರಿಕೊಂಡು ನಡೆಯುತ್ತಿದ್ದರು. ಹಿಡಿದ ಜಾಗ ಬೆವರಿಗೂ ನಶ್ಯಕ್ಕೂ ಕರ್ರಗಾಗಿ, ಎಣ್ಣೆ ಕುಡಿದ ಹಾಗೆ ಮಿರಮಿರ ಮಿಂಚುತ್ತಿತ್ತು. ಲಕ್ಷ್ಮಣ ಆಸೆಯಿಂದ ನೋಡುವುದನ್ನು ಕಂಡು ಒಮ್ಮೆ ನಕ್ಕು, “ನಾನೋದ್ಮೇಲೆ ತಗೊಂಡೋಗ್ರಿ ಆಚಾರ್ರೇ, ಈಗ್ಲೇ ಕೊಟ್ರೆ ನಾನ್ ಬೀಳ್ತೀನಿ” ಅಂದಿದ್ದರು. ತೊಂಬತ್ನಾಲ್ಕರಲ್ಲಿ ತೀರಿಕೊಂಡರು.

ಕೇಳಲು ಇವನಿಗೆ ಎರಡು ವರ್ಷ ಧೈರ್ಯ ಬರಲಿಲ್ಲ. ತೊಂಬತ್ತಾರರ ಶ್ರಾವಣದಲ್ಲಿ ಕೊನೆಗೂ ಹೋದೆವು. ಜವರಯ್ಯನವರ ಹೆಂಡತಿ ಪುಟ್ಟಗೌರಮ್ಮ ಮಗಳ ಬಾಣಂತನಕ್ಕೆಂದು ನಾಗಮಂಗಲದಲ್ಲಿದ್ದರು. ಮಗ ಯೋಗೇಶ್ ಮನೆಯಲ್ಲಿದ್ದ. “ಅಪ್ಪನೇ ಏಳಿದ್ಮೇಲೆ ನಂದೇನು? ಮೂಲೇಲಿ ನಿಂತದೆ, ತಗೊಂಡೋಗಿ” ಎಂದ. ಲಕ್ಷ್ಮಣ ಅದನ್ನು ಮಗುವನ್ನು ಹಿಡಿದ ಹಾಗೆ ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಕೂತ. ಒಡೆಯನನ್ನು ಹುಡುಕುವ ಕೆಲಸವೇ ಇಲ್ಲದ ಒಂದೇ ಕೋಲು ಅದು. ಹಾಗಾಗಿ ಮಾರನೇ ದಿನವೇ ಉಜ್ಜಿಬಿಟ್ಟ.

ಹಿರಿಯರಿಗೆ ಎಡೆ ಇಡುವ ಪಕ್ಷ ಬಂತು. ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ ಯೋಗೇಶ್ ಬಸ್ಸಿಳಿದು ಏದುಸಿರು ಬಿಡುತ್ತ ಅಂಗಡಿಗೆ ಬಂದ. ನಾನೂ ಅಲ್ಲೇ ಇದ್ದೆ.

“ಆಚಾರ್ರೇ, ಅವ್ವ ಬಂದ್ಬುಟ್ಟವ್ಳೆ. ಕೋಲೆಲ್ಲಿ ಅಂತ ಮನೆಯೆಲ್ಲ ತಡಕಾಡ್ತಾವ್ಳೆ. ಎಡೆ ಮುಂದೆ ಅದ ಇಡ್ಬೇಕಂತೆ. ಓದೊರ್ಸ್ವೂ ಮಡಗಿದ್ಲು, ನಂಗೆ ಗ್ಯಾನವೇ ಇರ್ನಿಲ್ಲ.”

“ನೀನೇನಪ್ಪ ಅಂದೆ?” ಎಂದ ಲಕ್ಷ್ಮಣ.

“ಹುಳ ಬಿದ್ದಿತ್ತು, ರಿಪೇರಿಗೆ ನಿಮ್ ತಾವ ಕೊಟ್ಟಿವ್ನಿ ಅಂದೆ. ‘ಕೋಲಿಲ್ದೆ ಅವ್ರು ಎಂಗ್ಲಾ ಬಂದಾರು, ಸೊಂಟ ಮುರ್ದಿರೋ ಮನ್ಸ’ ಅಂತ ಒಂದೇ ಸಮ ಅಳ್ತಾವ್ಳೆ. ನಾಳೆ ಎಡೆ ಇಡೋದ್ರೊಳ್ಗೆ ತಂದ್ಬುಡಿ, ನಿಮ್ಗೆ ಕೈ ಮುಗೀತೀನಿ.”

ಅವನು ಕೊನೆಯ ಬಸ್ಸಿಗೆ ಓಡಿದ. ಲಕ್ಷ್ಮಣ ಗೋಡೆಯಿಂದ ಕೋಲು ಇಳಿಸಿದ. ಬಾಳೆದಿಂಡಿನ ಹಾಗೆ ಬೆಳ್ಳಗೆ, ನುಣ್ಣಗೆ, ತುದಿಯಿಂದ ಬುಡದವರೆಗೆ ಒಂದೇ ಬಣ್ಣ. ಕಪ್ಪಿನ ಕುರುಹೂ ಇಲ್ಲ. ಅವನು ಕೂತಲ್ಲೇ ಬೆವೆತುಹೋದ.

“ಅವ್ರು ನೋಡಿದ್ರೆ ಗುರುತು ಇಡೀತಾರ ಭಾವ?”

“ಕೊಬ್ರಿ ಎಣ್ಣೇಲಿ ದೀಪದ ಮಸಿ ಕಲ್ಸಿ ಹಚ್ಚು. ವಯಸ್ಸಾದ ಹೆಂಗಸು, ಏನ್ ಗೊತ್ತಾದದು?” ಅಂದೆ. ನನಗೆ ಆ ಕೋಲು ಒಮ್ಮೆ ಅಂಗಡಿಯಿಂದ ತೊಲಗಿದರೆ ಸಾಕಾಗಿತ್ತು.

ಅವನು ಮಸಿ ಕಲಸಿಯೂ ಕಲಸಿದ. ಒಂದು ಬೆರಳು ಹಚ್ಚಿಯೂ ಹಚ್ಚಿದ. ಆಮೇಲೆ ಸೀಮೆಎಣ್ಣೆ ಬಟ್ಟೆ ತೆಗೆದುಕೊಂಡು ಒರೆಸಿಬಿಟ್ಟ. “ಆಗಾಕಿಲ್ಲ ಕಣ್ ಭಾವ. ಅವ್ರ ಎಡೆಗೆ ನನ್ ಮಸಿ ಇಡಾದಾ?” ಅಂದ. ಆ ರಾತ್ರಿ ಅನ್ನ ಮುಟ್ಟಲಿಲ್ಲ ಎಂದು ಬೆಳಿಗ್ಗೆ ವೀಣ ನನಗೆ ಹೇಳಿದಳು.

ಅರಕೆರೆಯ ದಾರಿಯುದ್ದಕ್ಕೂ, ಕೆಲಸವಿರಲಿ ಬಿಡಲಿ ಜೊತೆಗೇ ಇರುವ ಅವನ ಹತ್ಯಾರದ ಚೀಲ ನನ್ನ ಬೆನ್ನಿಗೆ ಒತ್ತುತ್ತಿತ್ತು, ಕೋಲು ನನ್ನ ಕಿವಿಯ ಪಕ್ಕ ಮೇಲೆದ್ದು ನಿಂತಿತ್ತು. ಒಂದು ಕಡೆ ಗಾಡಿ ನಿಲ್ಲಿಸು ಅಂದ. ವಾಪಸ್ ಹೋಗೋಣ, ನೀನೊಬ್ಬನೇ ಕೊಟ್ಟು ಬಾ, ಇಲ್ಲದಿದ್ದರೆ ಯೋಗೇಶನನ್ನು ಇಲ್ಲಿಗೇ ಕರೆಸು ಎಂದು ಏನೇನೋ ಬಡಬಡಿಸಿದ. “ಸುಮ್ನೆ ಕೂತ್ಕೊಳ್ಲಾ” ಎಂದು ಗದರಿಸಿದೆ. ಹೇಳಬಾರದು, ಆಮೇಲೆ ನಾನೂ ಗಾಡಿಯನ್ನು ನಿಧಾನಕ್ಕೇ ಬಿಟ್ಟೆ.

ಮನೆ ಮುಟ್ಟಿದಾಗ ಒಳಗೆ ಅಡಿಗೆ ಮುಗಿದಿತ್ತು. ನಡುಮನೆಯಲ್ಲಿ ಜವರಯ್ಯನವರ ಫೋಟೋ, ಮುಂದೆ ಮಡಿಚಿಟ್ಟ ಹೊಸ ಪಂಚೆ, ಬಾಳೆ ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಒಂದು ನಶ್ಯದ ಡಬ್ಬಿ. ಗೋಡೆಯ ಹತ್ತಿರ ಕೋಲಿಗೆಂದು ಒಂದಿಷ್ಟು ಜಾಗ ಖಾಲಿ ಬಿಟ್ಟಿದ್ದರು. ಪುಟ್ಟಗೌರಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು, “ಬಂದ್ರಾ ಆಚಾರ್ರೇ? ತಡ ಆಯ್ತು ಅಂತ ಜೀವ ಬಾಯಿಗ್ ಬಂದಿತ್ತು ಕಣಪ್ಪ” ಎಂದು ಎರಡೂ ಕೈಯಲ್ಲಿ ಕೋಲು ತೆಗೆದುಕೊಂಡರು.

ಹಿಡಿಕೆಯ ಮೇಲೆ ಕೈ ಆಡಿಸಿದರು. ಇನ್ನೊಮ್ಮೆ ಆಡಿಸಿದರು. ಬಾಗಿಲ ಬೆಳಕಿಗೆ ತಂದು ನೋಡಿದರು.

“ಇದು ನಮ್ಮೋರ್ದಲ್ಲ.”

“ಅಪ್ಪಂದೇ ಕಣವ್ವ” ಎಂದ ಯೋಗೇಶ್.

“ನೀ ಬಾಯ್ಮುಚ್ಚು. ನಲ್ವತ್ತೊರ್ಸ ಸಂಸಾರ ಮಾಡಿವ್ನಿ, ನಂಗೊತ್ತಾಗಾಕಿಲ್ವಾ? ಆಚಾರ್ರೇ, ನಮ್ ಯಜಮಾನ್ರ ಕೋಲ ಯಾರಿಗ್ ಕೊಟ್ರಿ? ಈ ಹೊಸಾದ್ನ ತಂದು ನನ್ ಕೈಗಿಡ್ತೀರಲ್ಲ, ನಿಮಗೇನ್ ಮಾಡಿದ್ವಪ್ಪ ನಾವು?”

ಲಕ್ಷ್ಮಣ ಅವರ ಕಾಲ ಬಳಿ ಕೂತುಬಿಟ್ಟ. “ಅದೇ ಕಣವ್ವಾ. ಹಿಡಿಕೆ ಕರ್ರಗಿತ್ತು. ಕೊಳೆ ಅಂತ ನಾನೇ ಉಜ್ಜಿಬುಟ್ಟೆ. ತಪ್ಪಾಯ್ತು.”

“ಕೊಳೆಯಾ?” ಎಂದರು ಅವರು. “ಅವ್ರ ಕೈ ಅಲ್ವೇನಪ್ಪ ಅದು?”

ಒಳಗೆ ಧೂಪ ಆರುತ್ತಿತ್ತು. ಎಡೆ ತಣ್ಣಗಾಗುತ್ತಿದೆ ಎಂದು ಯಾರೋ ನೆಂಟರ ಹೆಂಗಸು ಮೆಲ್ಲಗೆ ಎಚ್ಚರಿಸಿದಳು. ಪುಟ್ಟಗೌರಮ್ಮ ಕದಲಲಿಲ್ಲ. ಇನ್ನೇನು ಈಕೆ ಶಾಪ ಹಾಕುತ್ತಾರೆ, ಇವನು ಅದನ್ನು ಸಾಯುವ ತನಕ ಹೊತ್ತು ತಿರುಗುತ್ತಾನೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು ಕೇಳಿದ್ದು ಬೇರೆ.

“ಉಜ್ಜಿದ್ದ ಎಲ್ಲಾಕ್ದೆ?”

ಲಕ್ಷ್ಮಣ ತಲೆ ಎತ್ತಿದ. ಮರಗೆಲಸದವರು ಸವೆದ ಉಪ್ಪುಕಾಗದವನ್ನು ಎಸೆಯುವುದಿಲ್ಲ. ಹೊಸ ಕಾಗದ ಗೀರುತ್ತದೆ, ಹಳೆಯದು ನುಣುಪು ಕೊಡುತ್ತದೆ, ಕೊನೆಯ ಕೈಗೆ ಬೇಕಾಗುತ್ತದೆ. ಅವನು ಗಾಡಿಯ ಹತ್ತಿರ ಓಡಿ ಹತ್ಯಾರದ ಚೀಲ ತಂದು ಜಗಲಿಯ ಮೇಲೆ ಸುರಿದ. ಉಳಿ, ಗೀಸುಳಿಯ ಜೊತೆ ಒಂದು ತಗಡಿನ ಡಬ್ಬಿ ಬಿತ್ತು. ಅದರ ತುಂಬ ಮಡಿಸಿದ ಕಾಗದದ ಚೂರುಗಳು. ಒಂದೊಂದನ್ನೇ ಬಿಡಿಸಿದ. ಎಲ್ಲವೂ ಕಪ್ಪೇ, ಎಲ್ಲವೂ ಕಂದೇ. ಯಾವ ಬಾಗಿಲಿನದು, ಯಾವ ಮಂಚದ್ದು, ಯಾರಿಗೆ ಗೊತ್ತು? ಊರವರ ಕೋಲಿಗೆಲ್ಲ ಒಡೆಯನನ್ನು ಹುಡುಕಿದವನು ಒಂದು ಚೂರು ಕಾಗದದ ಒಡೆಯನಿಗಾಗಿ ತಡಕಾಡುತ್ತಿದ್ದ. ಒಂದೊಂದನ್ನೂ ಮೂಗಿಗೆ ಹಿಡಿದು ನೋಡತೊಡಗಿದ. ತೇಗ. ಪಾಲಿಶ್. ಹೊನ್ನೆ. ಮತ್ತೆ ಪಾಲಿಶ್. ಡಬ್ಬಿಯ ತಳದಲ್ಲಿ, ಕೋಲನ್ನು ಸುತ್ತಿ ಉಜ್ಜಿದ್ದರಿಂದ ಸುರುಳಿಯಾಗಿಯೇ ಉಳಿದ ಒಂದು ಚೂರಿತ್ತು. ಮೂಸಿದವನೇ ಒಂದು ಸಲ ಸೀನಿದ.

ಪುಟ್ಟಗೌರಮ್ಮ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಮುಖಕ್ಕೆ ಒತ್ತಿಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ.

ಆಮೇಲೆ ಹೊಸ ಪಂಚೆಯ ಅಂಚಿನಿಂದ ಒಂದು ಎಳೆ ದಾರ ಎಳೆದರು. ಕಾಗದದ ಕಪ್ಪು ಮೈ ಒಳಗೆ ಬರುವ ಹಾಗೆ ಅದನ್ನು ಹಿಡಿಕೆಗೆ ಸುತ್ತಿ, ದಾರದಲ್ಲಿ ಕಟ್ಟಿದರು. ಗಂಟು ಹಾಕುವಾಗ ಲಕ್ಷ್ಮಣ ಬೆರಳು ಕೊಟ್ಟ. ಕೋಲನ್ನು ಖಾಲಿ ಬಿಟ್ಟ ಜಾಗದಲ್ಲಿ ಗೋಡೆಗೆ ಒರಗಿಸಿ, ಹೊಸದಾಗಿ ಧೂಪ ಹಾಕಿ ಎಲ್ಲರೂ ಹೊರಗೆ ಬಂದರು. ಹಿರಿಯರು ಬಂದು ಉಣ್ಣುವ ಹೊತ್ತು ಒಳಗೆ ಯಾರೂ ಇರಬಾರದು. ಯೋಗೇಶ್ ಬಾಗಿಲು ಎಳೆದುಕೊಂಡ.

ಪುಟ್ಟಗೌರಮ್ಮ ಮುಚ್ಚಿದ ಬಾಗಿಲಿಗೆ ಬಾಯಿಟ್ಟು, ಒಳಗಿದ್ದವರಿಗೆ ಹೇಳುವಂತೆ ಹೇಳಿದರು: “ಕೋಲು ಬಂದದೆ. ಅವಸ್ರ ಮಾಡ್ಬ್ಯಾಡಿ, ನಿದಾನ್ವಾಗಿ ಬನ್ನಿ.”

ಹೆಂಗಸೊಬ್ಬಳು ನಮಗಿಬ್ಬರಿಗೂ ಕೂರಲು ಚಾಪೆ ಹಾಸಿ, ಮಾಂಸದೂಟ ನಮಗೆ ಆಗದೆಂದು ಬಾಳೆಹಣ್ಣು ತಂದಿಟ್ಟಳು. ಲಕ್ಷ್ಮಣ ಕೂರಲಿಲ್ಲ. ಕೈ ಕಟ್ಟಿಕೊಂಡು ಬಾಗಿಲನ್ನೇ ನೋಡುತ್ತ ಅಳುತ್ತಿದ್ದ. ಮಾತುಮಾತಿಗೆ ಅವನನ್ನು ಗದರಿಸುವ ನಾನು ಆವತ್ತು ಗದರಿಸಲಿಲ್ಲ, ಪಕ್ಕದಲ್ಲಿ ಹೋಗಿ ನಿಂತೆ. ಬಾಗಿಲು ತೆಗೆಯುವ ತನಕ ಇಬ್ಬರೂ ನಿಂತೇ ಇದ್ದೆವು.