ಸಾಗವಾನಿ ದಿವಾನದ ಮೇಲೆ ಮೂರನೆಯ ಚಹಾ

2001ರ ಮೇ ತಿಂಗಳ ಒಂದು ಭಾನುವಾರ ಪುಣೆಯ ಹಡಪಸರದಲ್ಲಿ, ಹೆಣ್ಣು ನೋಡಲು ಬಂದಿದ್ದ ಹುಡುಗನ ಸೋದರಮಾವ ದಿವಾನದಿಂದ ಎದ್ದಾಗ, ದಿವಾನದ ಸಾಗವಾನಿಯೂ ಧೋತರಕ್ಕೆ ಅಂಟಿಕೊಂಡು ಎದ್ದಿತು.

ನಮ್ಮ ನೆರೆಮನೆಯ ಗುರುಶಾಂತಪ್ಪನವರು ಮಗಳನ್ನು ನೋಡಲು ಬರುವವರಿಗೆಂದು ಹಳೆಯ ಪ್ಲೈವುಡ್ ದಿವಾನಕ್ಕೆ ಅಂದು ಬೆಳಿಗ್ಗೆಯಷ್ಟೇ ಕಾಗದದಷ್ಟು ತೆಳುವಾದ ಸಾಗವಾನಿ ಹಾಳೆ ಅಂಟಿಸಿದ್ದರು. ಅಂಟು ಹಿಡಿಯುವವರೆಗೆ ಭಾರ ಇಡಬೇಕೆಂದು ಬಡಿಗ ಹೇಳಿದ್ದರಿಂದ ಜೋಳದ ಚೀಲಗಳನ್ನು ಹೇರಿದ್ದರು. ಸಂಜೆ ಬರಬೇಕಿದ್ದವರು ಮಧ್ಯಾಹ್ನವೇ ಬಂದರು. ಚೀಲಗಳು ಒಳಗೆ ಹೋದವು. ಅವುಗಳ ಜಾಗದಲ್ಲಿ ದಢೂತಿ ಸೋದರಮಾವನನ್ನು ಕೂರಿಸಲಾಯಿತು. ಚಹಾ ಕೊಡಲು ನನ್ನನ್ನು ಕರೆಸಿದ್ದರು.

“ಅಪ್ಪಟ ಸಾಗವಾನೀರಿ ಇದು,” ಎಂದರು ಗುರುಶಾಂತಪ್ಪ. ಅತಿಥಿ ಏಳಲು ಹೋದಾಗಲೆಲ್ಲ ಭುಜ ಹಿಡಿದು, “ಏಳಬ್ಯಾಡ್ರಿ ಮಾವಾರ, ಇನ್ನೊಂದ ಕಪ್ ಚಾ ಆಗ್ಲಿ,” ಎನ್ನುತ್ತಿದ್ದರು. ಮೂರನೆಯ ಕಪ್ಪಿಗೆ ಸೋದರಮಾವ ಎದ್ದೇಬಿಟ್ಟರು.

ಪ್ಲೈವುಡ್ ಬಯಲಾಯಿತು. ಸೋದರಮಾವ ಹಿಂದಕ್ಕೆ ಕೈಯಾಡಿಸಿ ಹಾಳೆ ಕಿತ್ತು ಕೇಳಿದರು: “ಹುಡುಗಿಗೂ ಮ್ಯಾಲೆ ಹಿಂಗ ಏನರ ಹಚ್ಚೀರೇನ್ರಿ?” ಹುಡುಗನೂ ಜೋರಾಗಿ ನಕ್ಕ.

ಗುರುಶಾಂತಪ್ಪನವರ ಮಗಳು ಸವಿತಾ ಒಳಗಿನಿಂದ ಬಂದಳು. ಪೌಡರ್ ತೊಳೆದ ಮುಖ ಇನ್ನೂ ಒದ್ದೆಯಿತ್ತು. “ಏನೂ ಹಚ್ಚಿಲ್ಲ, ಸರಿಯಾಗಿ ನೋಡ್ಕೊಳ್ರಿ. ಆದ್ರ ಈ ಸಂಬಂಧ ನನಗ ಬ್ಯಾಡ್ರಿ,” ಎಂದಳು.

ದಿವಾನವನ್ನು ಬಾಲ್ಕನಿಗೆ ಸಾಗಿಸಲಾಯಿತು. ಈಗ ಅದರ ಮೇಲೆ ಜೋಳದ ಚೀಲಗಳಿವೆ. ಮರುವರ್ಷ ಸವಿತಾಳ ಮದುವೆಯಾಯಿತು. ಆ ಸಲ ಆಕೆಯನ್ನು ನೋಡಲು ಬಂದವರನ್ನು ಚಾಪೆಯ ಮೇಲೆ ಕೂರಿಸಿದ್ದರು.